ತೋಟಕ್ಕೆ, ಹೋಂಸ್ಟೇಗೆ, ಅಂಗಡಿ ಜಗಲಿಗೆ ಯಾರ್ಯಾರೋ ನುಗ್ತಿದ್ರೆ ಪೊಲೀಸರ ಜೊತೆ ಸೇರಿ ಮಾಡಬೇಕಾದ್ದು

ಕಳೆದ ವರ್ಷದ ಮಾರ್ಚ್‌ನಲ್ಲಿ ನಮ್ಮ ಕೊಡಗಲ್ಲಿ ಹೂಮಳೆ, ಅಂದ್ರೆ ಕಾಫಿ ಹೂವು ಅರಳಿಸೋ ಮಳೆ, ಬಿದ್ದು ಎಂಟೊಂಬತ್ತು ದಿನ ಆಗಿತ್ತು, ಬೆಳಗ್ಗೆ ಎದ್ದು ನೋಡಿದ್ರೆ ತೋಟ ಪೂರ್ತಿ ಬೆಳ್ಳಗೆ, ಘಮಘಮ, ಕಾಫಿ ಕುಡೀತಾ ಒಂದು ಸುತ್ತು ಹಾಕೋಣ ಅಂತ ಹೊರಟ್ರೆ ರಸ್ತೆ ಬದಿ ಎರಡು ಕಾರು ನಿಂತಿದೆ, ಗೇಟು ಹಾರಿ ಏಳು ಜನ ಒಳಗೆ. ಒಬ್ಬಳು ರೋಬಸ್ಟಾ ಕಾಫಿ ಗಿಡದ ರೆಕ್ಕೆ (ಕೊಂಬೆ) ಬಗ್ಗಿಸಿ ಮುಖದ ಹತ್ರ ಹಿಡ್ಕೊಂಡಿದ್ದಾಳೆ, ಇನ್ನೊಬ್ಬ ಫೋಟೋ ತೆಗೀತಿದ್ದಾನೆ, ಕೈ ಬಿಟ್ಟ ತಕ್ಷಣ ರೆಕ್ಕೆ ಲಟಕ್ ಅಂತ ಮುರೀತು. ಅವರಿಗೆ ಅದು ಹೂವು, ನನಗೆ ಮುಂದಿನ ಜನವರಿಯ ಒಂದು ಬೊಗಸೆ ಹಣ್ಣು. ಕೂಗಾಡಿದೆ. 'ಅಂಕಲ್ ಎರಡೇ ನಿಮಿಷ, ಫೋಟೋ ಅಷ್ಟೇ' ಅಂದ್ರು, ಇಪ್ಪತ್ತು ನಿಮಿಷ ಇದ್ರು, ಚಿಪ್ಸ್ ಪ್ಯಾಕೆಟ್ ಅಲ್ಲೇ ಬಿಟ್ಟು ಹೋದ್ರು.

ಸಿಟ್ಟಲ್ಲಿ ಠಾಣೆಗೆ ಫೋನ್ ಹಾಕಿದೆ. ಆ ಕಡೆಯಿಂದ ನಾಲ್ಕು ಪ್ರಶ್ನೆ ಬಂತು. ಬೋರ್ಡ್ ಹಾಕಿದ್ರಾ? ಹೊರಗೆ ಹೋಗಿ ಅಂತ ಬಾಯಿಬಿಟ್ಟು ಹೇಳಿದ್ರಾ, ಯಾರಾದ್ರೂ ಕೇಳಿಸ್ಕೊಂಡಿದ್ದಾರಾ? ಗಾಡಿ ನಂಬರ್ ಏನು? ವಿಡಿಯೋ ಇದೆಯಾ? ನನ್ನ ಹತ್ರ ನಾಲ್ಕಕ್ಕೂ ಉತ್ತರ ಇಲ್ಲ. ಬೋರ್ಡ್ ಇತ್ತು, ಎರಡು ಮಳೆಗಾಲದ ಹಿಂದೆ, ಈಗ ಅದರ ಕಂಬ ಮಾತ್ರ ಇದೆ. ಕೂಗಾಡಿದ್ದು ನಿಜ, ಆದ್ರೆ ಕೂಗಿದ್ದೆಲ್ಲ ಬೈಗುಳ, 'ಇದು ನನ್ನ ಜಾಗ, ಹೊರಗೆ ಹೋಗಿ' ಅಂತ ಒಂದು ಸಲನೂ ಹೇಳಿರ್ಲಿಲ್ಲ ಮಾರಾಯ್ರೆ. ಒಂದು ವಾರ ಪೊಲೀಸರನ್ನ ಬೈಕೊಂಡು ಓಡಾಡಿದೆ, ಆಮೇಲೆ ತಲೆ ತಣ್ಣಗಾದಾಗ ಗೊತ್ತಾಯ್ತು, ಅವರು ಕೇಳಿದ ನಾಲ್ಕು ಪ್ರಶ್ನೆ ತಪ್ಪಿಸ್ಕೊಳ್ಳೋಕೆ ಕೇಳಿದ್ದಲ್ಲ, ಕೇಸ್ ನಿಲ್ಲೋದೇ ಅದರ ಮೇಲೆ. ಈ ಒಂದು ವರ್ಷದಲ್ಲಿ ನಾನು ಕಲಿತದ್ದು, ಮಡಿಕೇರಿಯಲ್ಲಿ ಮಸಾಲೆ ಅಂಗಡಿ ಇಟ್ಟಿರೋ ನಮ್ಮಣ್ಣ ಕಲಿತದ್ದು, ಎರಡೂ ಸೇರಿಸಿ ಬರೀತಿದ್ದೀನಿ, ಹೋಂಸ್ಟೇ, ತೋಟ, ಅಂಗಡಿ ಇರೋರಿಗೆ ಉಪಯೋಗ ಆಗಬಹುದು.

ಮೊದಲು ಕಾನೂನು, ಬೇಗ ಮುಗಿಸ್ತೀನಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ ಅಲ್ವಾ, ಹಳೇ 447, 448 ಎಲ್ಲ ಈಗ ಸೆಕ್ಷನ್ 329ರಲ್ಲಿ ಸೇರಿದೆ. ಬರೀ ಜಾಗಕ್ಕೆ ನುಗ್ಗಿದ್ರೆ 329(3), ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜನ ವಾಸ ಮಾಡೋ ಅಥವಾ ಸಾಮಾನು ಇಡೋ ಕಟ್ಟಡಕ್ಕೆ ನುಗ್ಗಿದ್ರೆ 329(4), ಒಂದು ವರ್ಷದವರೆಗೆ ಜೈಲು ಅಥವಾ 5000 ದಂಡ ಅಥವಾ ಎರಡೂ. ಹಾಗಾಗಿ ಕಾಫಿ ಗೋಡೌನು, ಹೋಂಸ್ಟೇ ರೂಮು, ಅಂಗಡಿ ಒಳಗೆ ನುಗ್ಗೋದು ಬರೀ ತೋಟಕ್ಕೆ ನುಗ್ಗೋದಕ್ಕಿಂತ ದೊಡ್ಡದು. ಮುಂಚೆ 447ಕ್ಕೆ ದಂಡ 500 ರೂಪಾಯಿ ಇತ್ತು, ಈಗಿನ ಕಾಲಕ್ಕೆ ಅದು ಜಿಪ್ಸಿ ಬಾಡಿಗೆಗೂ ಸಾಲ್ತಿರ್ಲಿಲ್ಲ, ಸದ್ಯ ಜಾಸ್ತಿ ಮಾಡಿದ್ದಾರೆ. ಎರಡೂ ಕಾಗ್ನಿಸಬಲ್, ಅಂದ್ರೆ ಪೊಲೀಸರು ಕೋರ್ಟ್ ಅನುಮತಿಗೆ ಕಾಯದೆ ಎಫ್ಐಆರ್ ಹಾಕಬಹುದು. ಆದ್ರೆ ಎರಡೂ ಬೇಲಬಲ್, ಹಿಡಿದ್ರೂ ಠಾಣೆಯಲ್ಲೇ ಬೇಲ್ ಆಗುತ್ತೆ, ಸಂಜೆ ಅವನು ನಿಮ್ಮ ಮುಂದೆನೇ ಬೈಕಲ್ಲಿ ಹೋದ್ರೆ ಪೊಲೀಸರು ದುಡ್ಡು ತಗೊಂಡು ಬಿಟ್ರು ಅಂತ ಊರೆಲ್ಲ ಹೇಳ್ಕೊಂಡು ತಿರುಗಬೇಡಿ, ಕಾನೂನೇ ಹಾಗಿರೋದು.

ಇದರಲ್ಲಿ ಸಿಕ್ಕಿಹಾಕಿಕೊಳ್ಳೋದು ಒಂದೇ ಮಾತಲ್ಲಿ, ಉದ್ದೇಶ. ಸುಮ್ನೆ ಕಾಲಿಟ್ಟ ಮಾತ್ರಕ್ಕೆ ಅಪರಾಧ ಆಗಲ್ಲ, ಅಪರಾಧ ಮಾಡೋಕೆ, ಹೆದರಿಸೋಕೆ, ಅವಮಾನ ಮಾಡೋಕೆ ಅಥವಾ ಕಿರಿಕಿರಿ ಕೊಡೋಕೆ ಅಂತ ಬಂದಿರಬೇಕು. ಅಥವಾ ಸರಿಯಾಗೇ ಒಳಗೆ ಬಂದು ಆಮೇಲೆ ಹೋಗಿ ಅಂದ್ರೂ ಅದೇ ಉದ್ದೇಶಕ್ಕೆ ಅಲ್ಲೇ ಉಳ್ಕೊಂಡಿರಬೇಕು. ಎರಡನೇದು ಹೋಂಸ್ಟೇ, ಅಂಗಡಿ, ಹೋಟೆಲ್‌ನೋರಿಗೆ ಚಿನ್ನ ಇದ್ದಂಗೆ, ಯಾಕಂದ್ರೆ ನಮ್ಮಲ್ಲಿ ಬರೋರೆಲ್ಲ ಗಿರಾಕಿ ಅಂತನೇ ಬರೋದು. 11 ಗಂಟೆಗೆ ಚೆಕ್‌ಔಟ್ ಸಮಯ ಮುಗಿದ್ರೂ ದುಡ್ಡೂ ಕೊಡದೆ, ರೂಮೂ ಬಿಡದೆ ಜಗಳಕ್ಕೆ ನಿಂತವನು ಬೆಳಗ್ಗೆವರೆಗೆ ಅತಿಥಿ, ನೀವು ಸ್ಪಷ್ಟವಾಗಿ ಹೋಗಿ ಅಂದ ಮೇಲೆ ಲೆಕ್ಕ ಬೇರೆ. ಹಾಗಾಗಿ ನೀವು 'ಹೋಗಿ' ಅಂದಿದ್ದಕ್ಕೆ ಸಾಕ್ಷಿ ಬೇಕು. ಬೋರ್ಡು, ಕ್ಯಾಮೆರಾ, ಠಾಣೆಯ ಕಾಗದ, ನಾನು ಮುಂದೆ ಹೇಳೋದೆಲ್ಲ ಈ ಒಂದು ಸಾಕ್ಷಿ ಹುಟ್ಟಿಸೋ ದಾರಿಗಳು ಅಷ್ಟೇ.

ಈಗ ಠಾಣೆ ವಿಷಯ. ನಮ್ಮಲ್ಲಿ ಬಹಳ ಜನ ಠಾಣೆ ಮೆಟ್ಟಿಲು ಹತ್ತೋದು ಗಲಾಟೆ ಆದ ರಾತ್ರಿಯೇ, ಅದೂ ಏದುಸಿರು ಬಿಡ್ತಾ, ಹತ್ತು ಜನರನ್ನ ಕಟ್ಕೊಂಡು. ಆಗ ಅಲ್ಲಿ ಇರೋದು ಸೆಂಟ್ರಿ ಒಬ್ಬರು, ಸ್ಟೇಷನ್ ಇನ್‌ಚಾರ್ಜ್ ಒಬ್ಬರು, ಉಳಿದವರು ರೌಂಡ್ಸ್‌ನಲ್ಲೋ ಬಂದೋಬಸ್ತ್‌ನಲ್ಲೋ ಇರ್ತಾರೆ. ಅದರ ಬದಲು ಏನೂ ಆಗದೇ ಇರೋ ಒಂದು ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಹೋಗಿ. ನಿಮ್ಮ ಜಾಗ ಯಾವ ಠಾಣೆಗೆ ಸೇರುತ್ತೆ ಅನ್ನೋದು ಮೊದಲು ಖಾತ್ರಿ ಮಾಡ್ಕೊಳ್ಳಿ, ಮಡಿಕೇರಿಯಲ್ಲಿ ನಗರ ಠಾಣೆ ಬೇರೆ ಗ್ರಾಮಾಂತರ ಬೇರೆ, ವಿರಾಜಪೇಟೆ, ಕುಶಾಲನಗರದಲ್ಲೂ ಹಾಗೇ. ಗೋಣಿಕೊಪ್ಪ ಪೇಟೆಯಿಂದ ಐದು ನಿಮಿಷ ಆ ಕಡೆ ಹೋದ್ರೆ ಪೊನ್ನಂಪೇಟೆ ಠಾಣೆ. ಸಿದ್ದಾಪುರ, ಸುಂಟಿಕೊಪ್ಪ ಗಡಿಯಲ್ಲಿರೋ ತೋಟಗಳಂತೂ ಅರ್ಧ ಅಲ್ಲಿ ಅರ್ಧ ಇಲ್ಲಿ. ಆದ್ರೆ ಗಲಾಟೆ ಆದ ಹೊತ್ತಲ್ಲಿ ಯಾರಾದ್ರೂ 'ಇದು ನಮ್ಮ ಲಿಮಿಟ್ ಅಲ್ಲ' ಅಂದ್ರೆ ವಾಪಸ್ ಬರಬೇಕಿಲ್ಲ, ಕಾಗ್ನಿಸಬಲ್ ಆದ್ರೆ ಯಾವ ಠಾಣೆಯಲ್ಲಾದ್ರೂ ಝೀರೋ ಎಫ್ಐಆರ್ ಹಾಕಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು, ಅದು ಬಿಎನ್ಎಸ್ಎಸ್ (ಹಳೇ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ರಲ್ಲೇ ಇದೆ.

ಹೋದಾಗ ಎಸ್ಐ ಸಿಕ್ರೆ ಒಳ್ಳೇದು, ಸಿಗದಿದ್ರೆ ನಿಮ್ಮ ಏರಿಯಾದಲ್ಲಿ ಗಸ್ತು ತಿರುಗೋ ಬೀಟ್ ಪೊಲೀಸ್ ಯಾರು ಅಂತ ಕೇಳಿ ಅವರ ನಂಬರ್ ತಗೊಳ್ಳಿ, ನಿಜ ಹೇಳ್ಬೇಕಂದ್ರೆ ಎಸ್ಐಗಿಂತ ಅವರೇ ಜಾಸ್ತಿ ಕೆಲಸಕ್ಕೆ ಬರೋದು. ಬೀಟ್‌ನೋರಿಗೆ ರಾತ್ರಿ ಬಂದು ಸಹಿ ಹಾಕೋಕೆ ನಿಮ್ಮ ಗೇಟ್ ಹತ್ರ ಒಂದು ಬೀಟ್ ಪುಸ್ತಕ ಇಡಬಹುದಾ ಅಂತ ಕೇಳಿ ನೋಡಿ. ಎಲ್ಲರಿಗೂ ಒಪ್ಪಲ್ಲ, ದೂರದ ತೋಟಕ್ಕಂತೂ ಕಷ್ಟ, ಆದ್ರೆ ಪೇಟೆ ಅಂಗಡಿ ಸಾಲಿಗೆ, ರಸ್ತೆ ಬದಿ ಹೋಂಸ್ಟೇಗೆ ಒಪ್ತಾರೆ. ನಾಲ್ಕೈದು ಅಂಗಡಿಯೋರು ಒಟ್ಟಿಗೆ ಹೋಗಿ ಕೇಳಿದ್ರೆ ಇನ್ನೂ ಸುಲಭ.

ಕೈಯಲ್ಲಿ ಒಂದು ಅರ್ಜಿ ಇರಲಿ. ಬೇರೆ ಕೆಲವು ದೇಶಗಳಲ್ಲಿ ಅಂಗಡಿಯೋರು ಮುಂಚಿತವಾಗೇ ಪೊಲೀಸರಿಗೆ ಅಧಿಕಾರ ಪತ್ರ ಕೊಟ್ಟಿಡ್ತಾರಂತೆ, ಮಾಲೀಕ ಇಲ್ಲದಾಗಲೂ ಪೊಲೀಸರೇ ಬಂದವರನ್ನ ಹೊರಗೆ ಕಳಿಸಬಹುದು ಅಂತ. ನಮ್ಮಲ್ಲಿ ಅಂಥ ಫಾರ್ಮ್ ಇಲ್ಲ, ಆದ್ರೆ ಒಂದು ಸಾದಾ ಮನವಿ ಅರ್ಜಿ ಅರ್ಧ ಆ ಕೆಲಸ ಮಾಡುತ್ತೆ. ಅದರಲ್ಲಿ ಬರೀರಿ, ಈ ಸರ್ವೆ ನಂಬರಿನ ಜಾಗ ಅಥವಾ ಈ ಅಂಗಡಿ ನನ್ನ ಸ್ವಾಧೀನದಲ್ಲಿದೆ, ಕೆಲಸದ ಸಮಯ ಇಷ್ಟರಿಂದ ಇಷ್ಟು, ಅದು ಬಿಟ್ಟು ಒಳಗೆ ಇರಬಹುದಾದವರು ಇಂಥವರು, ನಾನಿಲ್ಲದಾಗ ನನ್ನ ಪರವಾಗಿ ಮಾತಾಡೋ ವ್ಯಕ್ತಿ ಇವರು, ಫೋನ್ ನಂಬರ್ ಇದು, ಇಂಥ ತಿಂಗಳಿಂದ ಇಂಥ ತೊಂದರೆ ಆಗ್ತಿದೆ, ಗಸ್ತಿನಲ್ಲಿ ಗಮನಿಸಬೇಕು. ಜೊತೆಗೆ ಆರ್‌ಟಿಸಿ (ಪಹಣಿ) ಪ್ರತಿ ಅಥವಾ ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್, ಹೋಂಸ್ಟೇ ಆದ್ರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ. ನೋಂದಣಿ ಮಾಡಿಸದೆ ಹೋಂಸ್ಟೇ ನಡೆಸ್ತಿರೋರು ಪೊಲೀಸರ ಹತ್ರ ಹೋಗೋಕೆ ಯಾಕೆ ಹಿಂಜರೀತಾರೆ ಅಂತ ನನಗೂ ಗೊತ್ತು ನಿಮಗೂ ಗೊತ್ತು, ಮೊದಲು ಅದನ್ನ ಸರಿ ಮಾಡ್ಕೊಳ್ಳಿ. ಅರ್ಜಿ ಎರಡು ಪ್ರತಿ ಮಾಡಿ, ಒಂದರ ಮೇಲೆ ಠಾಣೆ ಸೀಲು, ತಾರೀಕು, ಸಹಿ ಹಾಕಿಸ್ಕೊಂಡು ಬನ್ನಿ. ಆ ಸೀಲು ಬಿದ್ದ ಪ್ರತಿ ಮುಂದೆ ನಿಮಗೆ ದೊಡ್ಡ ಆಸ್ತಿ.

ನಮ್ಮ ಕಡೆ ಆರ್‌ಟಿಸಿ ಅಂದ ಕೂಡ್ಲೆ ಒಂದು ತಲೆನೋವು, ಜಮ್ಮಾ ಜಾಗದಲ್ಲಿ, ಅಂದ್ರೆ ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿಯಲ್ಲಿ, ಪಟ್ಟೇದಾರರ ಹೆಸರು, ಒಕ್ಕದ (ಕೊಡವ ಮನೆತನದ) ಹೆಸರು, ಯಾವಾಗಲೋ ತೀರಿಹೋದ ಅಜ್ಜನ ಹೆಸರು ಎಲ್ಲ ಇರುತ್ತೆ. ಹೆದರಬೇಡಿ, ಈ ಸೆಕ್ಷನ್ ನೋಡೋದು ಜಾಗ ಯಾರ ಹೆಸರಲ್ಲಿದೆ ಅಂತ ಅಲ್ಲ, ಯಾರ ಸ್ವಾಧೀನದಲ್ಲಿದೆ ಅಂತ. ಬಾಡಿಗೆ ಅಂಗಡಿಯವರೂ ದೂರು ಕೊಡಬಹುದು. ಕರೆಂಟ್ ಬಿಲ್, ಕೂಲಿ ಲೆಕ್ಕದ ಪುಸ್ತಕ, ಕಾಫಿ ಮಾರಿದ ಚೀಟಿ, ಇವೆಲ್ಲ ಸ್ವಾಧೀನ ತೋರಿಸುತ್ತೆ. ತೋಟದ ಲೆಕ್ಕ ನೋಡ್ಕೊಳ್ಳೋ ರೈಟ್ರು ಬರೆದಿಟ್ಟ ಹಾಜರಿ ಪುಸ್ತಕ ಇದ್ರೆ ಅದೂ. ಇಲ್ಲೊಂದು ತಮಾಷೆ, ನಮ್ಮ ಜಿಲ್ಲೆಯಲ್ಲಿ ತೋಟದಲ್ಲೂ ರೈಟ್ರು, ಠಾಣೆಯಲ್ಲೂ ರೈಟ್ರು, ನಮ್ಮ ರೈಟ್ರು ಠಾಣೆ ರೈಟ್ರ ಮುಂದೆ ಕೂತು ಅರ್ಧ ಗಂಟೆ ಮಾತಾಡಿದ್ರೆ ಆಗೋ ಕೆಲಸ ನಾನು ಮೂರು ಸಲ ಹೋದ್ರೂ ಆಗಲ್ಲ.

ಬೋರ್ಡಿಗೆ ಬರೋಣ. 'ಅತಿಕ್ರಮ ಪ್ರವೇಶ ಮಾಡಿದವರನ್ನು ಶಿಕ್ಷಿಸಲಾಗುವುದು' ಅಂತ ಬರೆಸ್ತಾರೆ, ಶಿಕ್ಷೆ ಕೊಡೋಕೆ ನಾವ್ಯಾರು, ಅದೂ ಅಲ್ಲದೆ ಅದನ್ನ ಓದಿ ಅರ್ಥ ಮಾಡ್ಕೊಳ್ಳೋ ಅಷ್ಟರಲ್ಲಿ ಅವನು ಗೇಟು ಹಾರಿರ್ತಾನೆ. 'ಇದು ಖಾಸಗಿ ತೋಟ. ಅನುಮತಿ ಇಲ್ಲದೆ ಒಳಗೆ ಬರಬೇಡಿ. ಫೋಟೋಗೂ ಬೇಡ. ಕ್ಯಾಮೆರಾ ಇದೆ.' ಕೆಳಗೆ ಫೋನ್ ನಂಬರ್. ಕನ್ನಡ ಮೇಲೆ ದೊಡ್ಡದಾಗಿ, ಕೆಳಗೆ ಇಂಗ್ಲಿಷ್, ಕೇರಳ ಗಡಿಯ ಕುಟ್ಟ, ಮಾಕುಟ್ಟ ಕಡೆಯವರು ಮಲಯಾಳಂನಲ್ಲೂ ಹಾಕ್ಸಿ. ಫೋನ್ ನಂಬರ್ ಯಾಕೆ ಅಂದ್ರೆ ಹತ್ತರಲ್ಲಿ ಎರಡು ಜನ ನಿಜವಾಗ್ಲೂ ಫೋನ್ ಮಾಡಿ ಕೇಳ್ತಾರೆ, ಕೇಳಿದವರಿಗೆ ನಾನೇ ಗೇಟ್ ತೆಗೆದು ಒಂದು ಸಾಲಿನವರೆಗೆ ಬಿಡ್ತೀನಿ. ಉಳಿದವರು ಬೋರ್ಡ್ ಓದಿಯೂ ಬಂದವರು ಅಂತ ತಾನಾಗೇ ಗೊತ್ತಾಗುತ್ತೆ. ಬೋರ್ಡು ಗೇಟಲ್ಲಿ ಒಂದೇ ಸಾಲದು, ಬೇಲಿ ಎಲ್ಲಿ ತಗ್ಗಿದೆಯೋ, ಎಲ್ಲಿ ಕಾರು ನಿಲ್ಲಿಸೋಕೆ ಜಾಗ ಇದೆಯೋ ಅಲ್ಲಿ ಇರಬೇಕು. ಹಾಕಿದ ದಿನವೇ ಬೋರ್ಡು, ಹಿಂದೆ ತೋಟ ಎರಡೂ ಕಾಣೋ ಹಾಗೆ ಒಂದು ಫೋಟೋ ತೆಗೆದಿಡಿ, ಮಳೆಗಾಲ ಮುಗಿದ ಮೇಲೆ ಇನ್ನೊಂದು. ನನ್ನ ಅನುಭವದಲ್ಲಿ 'ನಾಯಿ ಇದೆ ಎಚ್ಚರಿಕೆ' ಅನ್ನೋ ಬೋರ್ಡು ಕಾನೂನಿಗಿಂತ ಜಾಸ್ತಿ ಕೆಲಸ ಮಾಡುತ್ತೆ, ನಮ್ಮ ಮನೆ ನಾಯಿ ಮಾತ್ರ ಬಂದವರ ಬಿಸ್ಕೆಟ್ ತಿಂದು ಅವರ ಜೊತೆನೇ ಸುತ್ತು ಹೊಡೆಯುತ್ತೆ.

ಕ್ಯಾಮೆರಾ ಹಾಕೋರು ಕೊಡಗಲ್ಲಿ ಮೂರು ವಿಷಯ ನೆನಪಿಟ್ಕೊಳ್ಳಿ. ಒಂದು ಕರೆಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಮೂರು ದಿನ ಕರೆಂಟ್ ಹೋಗೋದು ಸಾಮಾನ್ಯ, ಕರೆಂಟ್ ಬಂದ ಮೇಲೆ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡೋ ಪೆಟ್ಟಿಗೆ) ತಾನಾಗೇ ಆನ್ ಆಗುತ್ತೆ, ಆದ್ರೆ ಒಳಗಿನ ಸೆಲ್ ಸತ್ತಿದ್ರೆ ಗಡಿಯಾರ ಎಲ್ಲೋ ಹಿಂದಕ್ಕೆ ಹೋಗಿರುತ್ತೆ. ಅಣ್ಣನ ಅಂಗಡಿದು ಹಾಗೇ ಆಯ್ತು, ರಾತ್ರಿ ಶಟರ್ ಎತ್ತೋಕೆ ನೋಡಿದವನ ಮುಖ ಚೆನ್ನಾಗಿ ಬಿದ್ದಿದೆ, ಆದ್ರೆ ಮೂಲೆಯಲ್ಲಿ ತಾರೀಕು 2000ನೇ ಇಸವಿ ಜನವರಿ 1. ಪೊಲೀಸರು ನಕ್ಕು, ಮಹಜರಿನಲ್ಲಿ ಡಿವಿಆರ್ ಸಮಯ ಇಷ್ಟು, ನಿಜವಾದ ಸಮಯ ಇಷ್ಟು ಅಂತ ವ್ಯತ್ಯಾಸ ಬರ್ಕೊಂಡ್ರು. ಬಚಾವ್ ಆದ್ವಿ, ಆದ್ರೆ ನೀವು ವಾರಕ್ಕೊಮ್ಮೆ ಗಡಿಯಾರ ನೋಡಿ. ಎರಡನೇದು ಮಂಜು, ರಾತ್ರಿ ಕ್ಯಾಮೆರಾದ ಲೈಟು ಮಂಜಿಗೆ ಬಡಿದು ಪೂರ್ತಿ ಬಿಳಿ ಪರದೆ ಆಗುತ್ತೆ, ಜೊತೆಗೆ ಜೇಡ ಬಲೆ. ಹಾಗಾಗಿ ಕ್ಯಾಮೆರಾ ದೂರದಿಂದ ತೋಟ ಪೂರ್ತಿ ನೋಡೋದಕ್ಕಿಂತ ಗೇಟಿನ ಹತ್ರ, ಗಾಡಿ ನಂಬರ್ ಬೀಳೋ ಎತ್ತರದಲ್ಲಿ ಇರಲಿ. ಮೂರನೇದು, ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಹಳೇದರ ಮೇಲೆ ಹೊಸದು ಬರೀತಾ ಹೋಗುತ್ತೆ, ಘಟನೆ ಆದ ದಿನವೇ ಆ ತುಣುಕನ್ನ ಪೆನ್‌ಡ್ರೈವ್‌ಗೆ ತೆಗೆದಿಡಿ, ಮೂಲ ಡಿವಿಆರ್ ಅನ್ನ ಮಾತ್ರ ಮುಟ್ಟಬೇಡಿ. ಕೋರ್ಟಿಗೆ ಹೋಗೋ ಹೊತ್ತಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಸರ್ಟಿಫಿಕೇಟ್ ಬೇಕು, ಹಳೇ 65ಬಿ ಅಂತಿತ್ತಲ್ಲ ಅದೇ, ಅದರ ಒಂದು ಭಾಗಕ್ಕೆ ಕ್ಯಾಮೆರಾ ನೋಡ್ಕೊಳ್ಳೋರು ಸಹಿ ಹಾಕಬೇಕು, ಇನ್ನೊಂದಕ್ಕೆ ಪರಿಣತರು. ತನಿಖೆ ಮಾಡೋರು ಹೇಳ್ತಾರೆ, ಹೇಳಿದಾಗ 'ನನಗ್ಯಾಕೆ' ಅನ್ನದೆ ಸಹಿ ಹಾಕಿ. ಹೋಂಸ್ಟೇಯವರಿಗೆ ಬಿಡಿಸಿ ಹೇಳಬೇಕಿಲ್ಲ, ರೂಮಿನ ಒಳಗೆ, ಬಾತ್‌ರೂಮ್ ಕಡೆ ಮುಖ ಮಾಡಿ ಕ್ಯಾಮೆರಾ ಇಟ್ರೆ ಮೊದಲ ಆರೋಪಿ ನೀವೇ.

ಈಗ ಜನ ಒಳಗೆ ಬಂದೇಬಿಟ್ರು ಅನ್ನಿ. ಒಬ್ಬರೇ ಹೋಗಬೇಡಿ, ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಿ, ಅವರ ಫೋನಲ್ಲಿ ವಿಡಿಯೋ ಆನ್ ಇರಲಿ. ಮೊದಲು ಗಾಡಿ ನಂಬರ್ ಹಿಡೀರಿ, ಮನುಷ್ಯ ಓಡಿಹೋಗ್ತಾನೆ ನಂಬರ್ ಓಡಲ್ಲ. ಆಮೇಲೆ ಸ್ವರ ಏರಿಸದೆ, ಒಂದೊಂದೇ ಮಾತು, 'ಇದು ನನ್ನ ಜಾಗ, ನಿಮಗೆ ಅನುಮತಿ ಇಲ್ಲ, ಈಗ ಹೊರಗೆ ಹೋಗಿ.' ಒಂದು ನಿಮಿಷ ಬಿಟ್ಟು ಮತ್ತೆ ಅದೇ ಮಾತು. ಬೈಬೇಡಿ, ಜಾತಿ, ಊರು, ಭಾಷೆ ಎತ್ತಬೇಡಿ, ಆ ವಿಡಿಯೋ ಮುಂದೆ ಎಸ್ಐ ನೋಡ್ತಾರೆ, ಜಡ್ಜ್ ನೋಡ್ತಾರೆ, ಯಾರಿಗೆ ಗೊತ್ತು ಊರೆಲ್ಲ ನೋಡುತ್ತೆ. ನೂರಕ್ಕೆ ತೊಂಬತ್ತು ಜನ ಇಷ್ಟಕ್ಕೇ ಹೋಗ್ತಾರೆ. ಹೋಗದಿದ್ರೆ, ಕುಡಿದು ಗಲಾಟೆ ಮಾಡ್ತಿದ್ರೆ, ಕೈಯಲ್ಲಿ ಕತ್ತಿ ದೊಣ್ಣೆ ಇದ್ರೆ ಮಾತು ಬೆಳೆಸದೆ 112. ಕರೆ ಎತ್ತೋರಿಗೆ ನಿಮ್ಮೂರಿನ 'ದೊಡ್ಡ ಹಲಸಿನಮರದ ತಿರುವು' ಗೊತ್ತಿರಲ್ಲ, ತಾಲೂಕು, ಹತ್ತಿರದ ಪೇಟೆ, ಅಲ್ಲಿಂದ ಎಷ್ಟು ಕಿಲೋಮೀಟರ್, ಯಾವ ಶಾಲೆ ಅಥವಾ ದೇವಸ್ಥಾನದ ಹತ್ರ, ಎಷ್ಟು ಜನ, ಆಯುಧ ಇದೆಯಾ, ಇದೆಲ್ಲ ಒಂದು ಚೀಟಿಯಲ್ಲಿ ಬರೆದು ಫೋನ್ ಇಡೋ ಜಾಗದ ಗೋಡೆಗೆ ಅಂಟಿಸಿಬಿಡಿ, ಕೆಲಸದವರೂ ಓದಿ ಹೇಳೋ ಹಾಗಿರಲಿ. ನೆಟ್‌ವರ್ಕ್ ಸಿಗದ ತೋಟ ಆದ್ರೆ ಎಲ್ಲಿ ನಿಂತ್ರೆ ಸಿಗುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರಬೇಕು, ನಮ್ಮಲ್ಲಿ ನೀರಿನ ಟ್ಯಾಂಕ್ ಮೇಲೆ.

ಹಿಡಿದು ಕಟ್ಟಿಹಾಕೋದು, ಶೆಡ್‌ನಲ್ಲಿ ಕೂಡಿಹಾಕೋದು, ಕಾರಿನ ಕೀ ಕಿತ್ಕೊಳ್ಳೋದು, ಟಯರ್ ಗಾಳಿ ತೆಗೆಯೋದು ಬೇಡವೇ ಬೇಡ. ಜನಸಾಮಾನ್ಯರು ಯಾರನ್ನಾದ್ರೂ ಹಿಡೀಬಹುದು ಅನ್ನೋ ಕಾನೂನು ಇದೆ ನಿಜ, ಆದ್ರೆ ಅದು ಕಾಗ್ನಿಸಬಲ್ ಜೊತೆಗೆ ನಾನ್‌ಬೇಲಬಲ್ ಅಪರಾಧ ನಿಮ್ಮ ಕಣ್ಣೆದುರು ಆದಾಗ, ಅಥವಾ ಘೋಷಿತ ಅಪರಾಧಿ ಸಿಕ್ಕಾಗ, ಆಗಲೂ ಆರು ಗಂಟೆ ಒಳಗೆ ಪೊಲೀಸರಿಗೆ ಒಪ್ಪಿಸಬೇಕು. ಬರೀ ಟ್ರೆಸ್‌ಪಾಸ್ ಬೇಲಬಲ್ ಅಂತ ಮೇಲೇ ಹೇಳಿದೆ. ಫೋಟೋ ತೆಗೆದವನನ್ನ ಕಾಫಿ ಗೋಡೌನಲ್ಲಿ ಎರಡು ಗಂಟೆ ಕೂಡಿಹಾಕಿದ್ರೆ ಅಕ್ರಮ ಬಂಧನ ಅಂತ ನ್ಯಾಯ ಸಂಹಿತೆಯ ಸೆಕ್ಷನ್ 127 ನಿಮ್ಮ ಮೇಲೆ ಬರುತ್ತೆ, ಅದಕ್ಕೆ ಒಂದು ವರ್ಷದವರೆಗೆ ಶಿಕ್ಷೆ, ಅವನಿಗಿಂತ ನಿಮ್ಮದೇ ದೊಡ್ಡ ಕೇಸು.

ಕೋವಿ ವಿಷಯ ಹೇಳದೆ ಹೋದ್ರೆ ಕೊಡಗಿನ ಬರಹ ಆಗಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದ್ದಾರೆ. ಅದು ಕೋವಿ ಇಟ್ಕೊಳ್ಳೋಕೆ ಕೊಟ್ಟ ವಿನಾಯಿತಿ, ಜನರ ಕಡೆ ತಿರುಗಿಸೋಕೆ ಅಲ್ಲ. ಬರೀ ತೋಟಕ್ಕೆ ನುಗ್ಗಿದವರನ್ನ ಹೆದರಿಸೋಕೆ ಗಾಳಿಯಲ್ಲಿ ಒಂದು ಗುಂಡು ಹಾರಿಸಿದ್ರೂ ಠಾಣೆಯಲ್ಲಿ ಮೊದಲು ಜಪ್ತಿ ಆಗೋದು ಕೋವಿ, ಎರಡನೇದಾಗಿ ಕೂರೋದು ನೀವು. ಅದೇ ರೀತಿ ಆನೆಗೆ ಅಂತ ಹಾಕೋ ಸೋಲಾರ್ ಬೇಲಿ ಬೇರೆ, ಕರೆಂಟ್ ಲೈನಿಂದ ಡೈರೆಕ್ಟ್ ಕೊಡೋದು ಬೇರೆ, ಕಳ್ಳನಿಗೆ ಇಟ್ಟ ಕರೆಂಟಿಗೆ ಬೆಳಗ್ಗೆ ಹುಲ್ಲು ಕೊಯ್ಯೋಕೆ ಬಂದ ಹೆಂಗಸು ಸಿಕ್ಕಿದ್ರೆ ಜೀವಮಾನ ಪೂರ್ತಿ ಕೋರ್ಟ್ ಅಲೀಬೇಕಾಗುತ್ತೆ.

ದೂರು ಬರೆಯೋದು ಹೇಗೆ ಅಂತ ಬಹಳ ಜನ ಕೇಳ್ತಾರೆ. ಕಥೆ ಬೇಡ. ನಾನು ಈ ವರ್ಷ ಬರೆದಿದ್ದು ಸುಮಾರು ಹೀಗಿತ್ತು: 'ಇಂಥ ದಿನಾಂಕ ಮಧ್ಯಾಹ್ನ 3.20ರ ಸಮಯದಲ್ಲಿ ನನ್ನ ಸ್ವಾಧೀನದಲ್ಲಿರುವ ಸರ್ವೆ ನಂಬರ್ ಇಷ್ಟರ ಕಾಫಿ ತೋಟಕ್ಕೆ ನಾಲ್ಕು ಜನ ಅಪರಿಚಿತರು ಗೇಟ್ ಹಾರಿ ಒಳಗೆ ಬಂದಿರುತ್ತಾರೆ. ಗೇಟಿನಲ್ಲಿ ಪ್ರವೇಶವಿಲ್ಲ ಎಂಬ ಫಲಕ ಇರುತ್ತದೆ. ನಾನು ಮತ್ತು ನಮ್ಮ ರೈಟರ್ ಹೊರಗೆ ಹೋಗುವಂತೆ ಎರಡು ಸಲ ಹೇಳಿದರೂ ಹೋಗದೆ, ನೀನು ಏನು ಮಾಡುತ್ತೀಯಾ ಎಂದು ಹೆದರಿಸಿ, ಸುಮಾರು ಹದಿನೈದು ನಿಮಿಷ ಅಲ್ಲೇ ಇದ್ದು ಆರು ಗಿಡಗಳನ್ನು ಮುರಿದಿರುತ್ತಾರೆ. ಕಾರಿನ ನಂಬರ್ ಇದು. ವಿಡಿಯೋ ಇದೆ.' ಇಷ್ಟೇ. ಠಾಣೆ ಭಾಷೆಯಲ್ಲಿ 'ಇರುತ್ತಾರೆ, ಇರುತ್ತದೆ' ಅಂತ ಬರೆದ್ರೆ ಯಾಕೋ ಬೇಗ ತಗೋತಾರೆ, ಅಭ್ಯಾಸ ಇರಬೇಕು. ಗಿಡ ಮುರಿದಿದ್ರೆ, ಮೆಣಸು, ಕಾಫಿ ಹೋಗಿದ್ರೆ ಅದನ್ನ ಬೇರೆಯಾಗಿ, ಎಷ್ಟು ಕೆಜಿ ಅಂತ ಬರೀರಿ, ನಷ್ಟ, ಕಳ್ಳತನಕ್ಕೆ ಬೇರೆ ಸೆಕ್ಷನ್ ಸೇರುತ್ತೆ. ಆಗದೇ ಇದ್ದದ್ದನ್ನ ಸೇರಿಸಬೇಡಿ, ಹತ್ತು ಕೆಜಿ ಮೆಣಸು ಹೋಗಿದ್ದನ್ನ ಎರಡು ಮೂಟೆ ಅಂದ್ರೆ ಸ್ಥಳ ಮಹಜರಿಗೆ ಬಂದವರಿಗೆ ಬಳ್ಳಿ ನೋಡಿದ್ರೇ ಗೊತ್ತಾಗುತ್ತೆ, ಅವರ ಮನೆಯಲ್ಲೂ ಮೆಣಸು ಇರುತ್ತೆ.

ಎಫ್ಐಆರ್ ಆದ್ರೆ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ತಗೊಳ್ಳಿ. ಆನ್‌ಲೈನ್‌ನಲ್ಲಿ ಕಳಿಸಿದ್ರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಕಾಗ್ನಿಸಬಲ್ ಅಲ್ಲ ಅಂತ ಅನ್ನಿಸಿದ್ರೆ ಎನ್‌ಸಿಆರ್ (ನಾನ್‌ಕಾಗ್ನಿಸಬಲ್ ರಿಪೋರ್ಟ್) ಮಾಡ್ತಾರೆ, ಇಲ್ಲಾಂದ್ರೆ ಇಬ್ಬರನ್ನೂ ಕರೆಸಿ ಮುಚ್ಚಳಿಕೆ ಬರೆಸ್ಕೊಂಡು ಕಳಿಸ್ತಾರೆ. ಮುಚ್ಚಳಿಕೆ ಅಂದ ತಕ್ಷಣ ಮೂಗು ಮುರೀಬೇಡಿ, ಅಪರಿಚಿತ ಟೂರಿಸ್ಟ್ ಆದ್ರೆ ಅದರಿಂದ ಏನೂ ಉಪಯೋಗ ಇಲ್ಲ ನಿಜ, ಆದ್ರೆ ಪಕ್ಕದೂರಿನವನೇ ಪದೇ ಪದೇ ಬರ್ತಿದ್ರೆ ಅವನ ಕೈಬರಹದಲ್ಲಿ 'ಇನ್ನು ಮುಂದೆ ಆ ಜಾಗಕ್ಕೆ ಹೋಗುವುದಿಲ್ಲ' ಅಂತ ಇರೋ ಕಾಗದ ಮುಂದಿನ ಸಲಕ್ಕೆ ಉದ್ದೇಶ ತೋರಿಸೋ ಗಟ್ಟಿ ಸಾಕ್ಷಿ. ಅದರ ನಕಲು ಅಥವಾ ಹಿಂಬರಹ ಕೇಳಿ ತಗೊಳ್ಳಿ. ಅದಾದ ಮೇಲೂ ಬಂದ್ರೆ ಬಿಎನ್ಎಸ್ಎಸ್ 126, 129ರ ಕೆಳಗೆ ಬಾಂಡ್ ಬರೆಸೋಕೆ ಪೊಲೀಸರು ತಹಶೀಲ್ದಾರ್ ಹತ್ರ ವರದಿ ಕಳಿಸಬಹುದು, ಹಳೇ 107, 110. ದೂರೇ ತಗೊಳ್ಳಲ್ಲ ಅಂದ್ರೆ ಜಗಳ ಆಡದೆ ಅದೇ ದೂರನ್ನ ರಿಜಿಸ್ಟರ್ಡ್ ಪೋಸ್ಟಲ್ಲಿ ಮಡಿಕೇರಿ ಎಸ್ಪಿ ಆಫೀಸಿಗೆ ಕಳಿಸಿ, ಅದೂ ಆಗದಿದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗೋ ದಾರಿ ಇದೆ. ಒಂದು ವರ್ಷ ದಾಟಿಸಬೇಡಿ, ಇಂಥ ಸಣ್ಣ ಶಿಕ್ಷೆಯ ಕೇಸಿಗೆ ಕಾಲಮಿತಿ ಅಷ್ಟೇ. ಮನಸ್ಸು ಬದಲಾದ್ರೆ ಸ್ವಾಧೀನದಲ್ಲಿರೋರು ರಾಜಿ ಮಾಡ್ಕೊಳ್ಳೋಕೂ ಅವಕಾಶ ಇದೆ, ಕಾಲೇಜ್ ಹುಡುಗರ ವಿಷಯದಲ್ಲಿ ನಾನು ಅದನ್ನೇ ಮಾಡಿದ್ದು.

ಇನ್ನು ಯಾವುದಕ್ಕೆ ಪೊಲೀಸರ ಹತ್ರ ಹೋಗಬಾರದು ಅಂತ. ಅಣ್ಣತಮ್ಮಂದಿರ ಪಾಲಿನ ಜಗಳ, ಪಕ್ಕದ ತೋಟದವನು ಬೇಲಿ ಎರಡಡಿ ಈ ಕಡೆ ಹಾಕಿದ್ದು, ಕರಾರು ಮುಗಿದ್ರೂ ಅಂಗಡಿ ಬಿಡದ ಬಾಡಿಗೆದಾರ, ಇವಕ್ಕೆಲ್ಲ ಠಾಣೆಯಲ್ಲಿ 'ಸಿವಿಲ್ ಮ್ಯಾಟರ್' ಅಂತ ಹೇಳಿ ಕಳಿಸ್ತಾರೆ, ಸರಿನೇ. ಗಡಿ ಸಂಶಯ ಇದ್ರೆ ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆ ಮಾಡಿಸಿ, ಕಲ್ಲು ಹಾಕಿಸಿದ ಮೇಲೆ ಆ ನಕ್ಷೆ ಹಿಡ್ಕೊಂಡು ಠಾಣೆಗೆ ಹೋಗಿ. ಕಾಲುದಾರಿ ವಿಷಯದಲ್ಲಂತೂ ಜೋಪಾನ. ತೋಟದ ಮಧ್ಯೆ ದೇವರಕಾಡಿಗೆ, ಸ್ಮಶಾನಕ್ಕೆ, ಎರವರಂಥ ಆದಿವಾಸಿಗಳ ಹಾಡಿಗೆ ಹೋಗೋ ದಾರಿ ಹಿಂದಿನಿಂದ ಇದ್ರೆ, ಇಪ್ಪತ್ತು ವರ್ಷ ಯಾರೂ ತಡೀದೆ ಓಡಾಡಿದ್ರೆ ಅವರಿಗೆ ದಾರಿ ಹಕ್ಕು ಹುಟ್ಟಬಹುದು, ನೀವು ಮೊನ್ನೆ ಜಾಗ ತಗೊಂಡು ಗೇಟ್ ಹಾಕಿ 'ಟ್ರೆಸ್‌ಪಾಸ್' ಅಂದ್ರೆ ಎರವರಜ್ಜಿ ಸೌದೆ ಹೊರೆ ಇಟ್ಕೊಂಡು ಎಲ್ಲಿಂದ ಹೋಗಬೇಕು? ಲೈನ್ ಮನೆಯಲ್ಲಿರೋ ಕೆಲಸಗಾರರನ್ನ ಖಾಲಿ ಮಾಡಿಸೋಕೆ ಪೊಲೀಸರನ್ನ ಕರೆಯೋರೂ ಇದ್ದಾರೆ, ಅವರ ನೆಂಟರು ಬಂದು ಎರಡು ದಿನ ಉಳಿದ್ರೆ ಅದಕ್ಕೂ 112 ಮಾಡ್ತಾರೆ. ನನಗೆ ಅದು ಸರಿ ಕಾಣಲ್ಲ. ಹೊರಗಿನಿಂದ ಕೆಲಸಕ್ಕೆ ಬಂದವರ ಆಧಾರ್ ಪ್ರತಿ, ಫೋಟೋ ಠಾಣೆಗೆ ಕೊಡಿ ಅಂದಾಗ ಕೊಡಿ, ಅಲ್ಲಿಗೆ ಮುಗೀತು.

ಅಂಗಡಿ ಜಗಲಿಯ ಕಥೆ ಬೇರೆ. ರಾತ್ರಿ ಶಟರ್ ಎಳೆದ ಮೇಲೆ ಅಲ್ಲಿ ಬಂದು ಕುಡಿಯೋರು, ಬೆಳಗ್ಗೆ ಬಾಟಲಿ ಗುಡಿಸೋದು ನಾವು. ಕುಡಿದು ಹೀಗೆ ಬೇರೆಯವರ ಜಾಗದಲ್ಲಿ ಗಲಾಟೆ ಮಾಡೋದಕ್ಕೆ ನ್ಯಾಯ ಸಂಹಿತೆಯ ಸೆಕ್ಷನ್ 355 ಇದೆ, 24 ಗಂಟೆವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡೂ, ಇಲ್ಲಾಂದ್ರೆ ಸಮುದಾಯ ಸೇವೆ. ಅಣ್ಣ ಇದನ್ನೆಲ್ಲ ಹುಡುಕೋಕೆ ಹೋಗಲಿಲ್ಲ, ಆ ಸಾಲಿನ ಐದು ಅಂಗಡಿಯೋರು ಸೇರಿ ಒಂದು ಅರ್ಜಿ ಕೊಟ್ರು, ಜಗಲಿಗೆ ರಾತ್ರಿ ಪೂರ್ತಿ ಉರಿಯೋ ಎಲ್ಇಡಿ ಹಾಕಿದ್ರು, ಬೀಟ್‌ನೋರು ಹತ್ತೂವರೆಗೆ ಒಂದು ಸಲ ಬೈಕ್ ನಿಲ್ಲಿಸಿ ಹೋಗ್ತಿದ್ರು, ಒಂದು ತಿಂಗಳಲ್ಲಿ ಪಾರ್ಟಿ ಬೇರೆ ಕಡೆ ಶಿಫ್ಟ್ ಆಯ್ತು. ದಸರಾದಲ್ಲಿ ದಶಮಂಟಪದ, ಅಂದ್ರೆ ಹತ್ತು ದೇವಸ್ಥಾನಗಳ ಮಂಟಪ ಮೆರವಣಿಗೆಯ, ರಾತ್ರಿ ಮಾತ್ರ ಯಾವ ಅರ್ಜಿನೂ ನಡೆಯಲ್ಲ, ಆವತ್ತು ಮಡಿಕೇರಿ ಪೂರ್ತಿ ಬೀದಿಯಲ್ಲಿರುತ್ತೆ, ಬಂದೋಬಸ್ತಿಗೆ ಇರೋ ಪೊಲೀಸರನ್ನ ಜಗಲಿ ಕಾಯೋಕೆ ಕರೀಬೇಡಿ, ಸಾಮಾನು ಒಳಗಿಟ್ಟು ಹಗ್ಗ ಕಟ್ಟಿ ನೀವೂ ಮಂಟಪ ನೋಡೋಕೆ ಹೋಗಿ. ಜಗಲಿಯಲ್ಲಿ ಮಲಗೋರು ಮಾನಸಿಕವಾಗಿ ಸರಿ ಇಲ್ಲದೆ ಅಲೆಯುವವರು ಅನ್ನಿಸಿದ್ರೆ ಅದು ಟ್ರೆಸ್‌ಪಾಸ್ ದೂರೇ ಅಲ್ಲ. ಮಾನಸಿಕ ಆರೋಗ್ಯ ಕಾಯ್ದೆ 2017ರ ಪ್ರಕಾರ ಅಂಥವರನ್ನ ರಕ್ಷಣೆಗೆ ತಗೊಂಡು 24 ಗಂಟೆ ಒಳಗೆ ಆಸ್ಪತ್ರೆಗೆ ತೋರಿಸೋದು ಪೊಲೀಸರ ಕರ್ತವ್ಯ, ಹಾಗೇ ಹೇಳಿ ಕರೀರಿ, ನೀರು ಹೊಯ್ದು ಎಬ್ಬಿಸೋದು ಬೇಡ.

ಈ ವರ್ಷದ ಹೂವಿನ ಸಮಯಕ್ಕೆ ಮೊದಲೇ ಬೋರ್ಡ್ ಹೊಸದಾಗಿತ್ತು, ಅರ್ಜಿ ಠಾಣೆಯಲ್ಲಿತ್ತು, ಎರಡು ಭಾನುವಾರ ಬೀಟ್‌ನೋರು ರಸ್ತೆಯಲ್ಲಿ ಒಂದು ಸುತ್ತು ಬಂದು ನಿಲ್ಲಿಸಿದ್ದ ಕಾರುಗಳನ್ನ ಮುಂದಕ್ಕೆ ಕಳಿಸಿದ್ರು. ಆದ್ರೂ ನಾಲ್ಕು ಜನ ಬಂದ್ರು, ಅದೇ ಮೇಲೆ ಬರೆದ ದೂರು. ಕಾರಿನ ನಂಬರ್ ಇದ್ದಿದ್ದಕ್ಕೆ ಸಂಜೆಯೊಳಗೆ ಅವರು ಉಳ್ಕೊಂಡಿದ್ದ ಹೋಂಸ್ಟೇಗೆ ಫೋನ್ ಹೋಯ್ತು, ಮಾರನೇ ದಿನ ಠಾಣೆಗೆ ಬಂದು ತಪ್ಪಾಯ್ತು ಅಂದ್ರು, ಮುರಿದ ಗಿಡದ ದುಡ್ಡು ಕೊಟ್ರು, ನಾನು ರಾಜಿಗೆ ಸಹಿ ಹಾಕಿದೆ. ಹೋದ ತಿಂಗಳು ಆ ಎಸ್ಐ ವರ್ಗ ಆಗಿದ್ದಾರಂತೆ. ಹೊಸಬರಿಗೆ ನಮ್ಮ ತೋಟ ಎಲ್ಲಿದೆ ಅಂತನೂ ಗೊತ್ತಿರಲ್ಲ, ಹಾಗಾಗಿ ಸೀಲು ಬಿದ್ದ ಹಳೇ ಅರ್ಜಿ ಜೆರಾಕ್ಸ್ ಮಾಡಿಸಿ ಹೊಸದರ ಹಿಂದೆ ಪಿನ್ ಹೊಡೆದಿಟ್ಟಿದ್ದೀನಿ, ಮಂಗಳವಾರ ನಮ್ಮ ರೈಟ್ರನ್ನೂ ಕರ್ಕೊಂಡು ಹೋಗ್ತೀನಿ.